ಮಕ್ಕಳ ಕಟ್ಟೆಯ ಎದುರಿನ ಗಾಜು

ಟೈಲರಮ್ಮ ಗಿರಾಕಿಗಳ ಅಳತೆಯನ್ನು ಎರಡು ಸಲ ತೆಗೆದುಕೊಳ್ಳುತ್ತಿದ್ದಳು. ಮೊದಲನೆಯದನ್ನು ಬರೆದುಕೊಂಡು, ಬಿಸಿಲಿನ ಬಗ್ಗೆಯೋ ಬಸ್ಸಿನ ಬಗ್ಗೆಯೋ ನಾಲ್ಕು ಮಾತಾಡಿ, ಎದುರಿಗಿದ್ದವರು ಮೈಮರೆತ ಹೊತ್ತಿಗೆ ಸರಕ್ಕನೆ ಟೇಪು ಸುತ್ತಿ ಎರಡನೆಯದನ್ನು ಹಿಡಿದುಬಿಡುವಳು. ಮೊದಲ ಸಲ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡೇ ನಿಲ್ಲುತ್ತಾರೆ ಎಂಬುದು ಅವಳ ಖಚಿತ ಅಭಿಪ್ರಾಯ. ಊರಿನವರು ಹಿಂದಿನಿಂದ ಅವಳನ್ನು ‘ಎರಡಳತೆ’ ಎಂದು ಕರೆಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಯಾರು ಯಾರು ಕರೆಯುತ್ತಾರೆ ಎಂಬುದೂ ಗೊತ್ತಿತ್ತು, ಮತ್ತು ಅವರ ಪ್ಯಾಂಟುಗಳು ಯಾವಾಗಲೂ ತಡವಾಗಿಯೇ ಸಿದ್ಧವಾಗುತ್ತಿದ್ದವು.

ಅನುಮಾನ ಪಡುವುದು ಅವಳಿಗೆ ಉಸಿರಾಡುವಷ್ಟೇ ಸಲೀಸು. ಹೊಸ ದಾರದ ರೀಲು ತಂದರೆ ಒಳಗಿನ ಕೊಳವೆ ದಪ್ಪ ಮಾಡಿ ಮೋಸ ಮಾಡಿದ್ದಾರೆಯೇ ಎಂದು ಬೆಳಕಿಗೆ ಹಿಡಿದು ನೋಡುವಳು. ಪಕ್ಕದ ಮನೆಯವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ. ಗಂಡನೆಂಬವನೊಬ್ಬ ಇದ್ದ, ಪಾಪದವನು. ಅವನ ಕೋಟಿನ ಜೇಬುಗಳನ್ನು ದಿನಾ ತಡಕುತ್ತಿದ್ದಳು. ಎಷ್ಟು ತಡಕಿದರೂ ಏನೂ ಸಿಗುತ್ತಿಲ್ಲ ಎನ್ನುವುದೇ ಕೊನೆಗೆ ಅವಳ ಎಲ್ಲಕ್ಕಿಂತ ದೊಡ್ಡ ಅನುಮಾನವಾಯಿತು. ಅವನು ಬೇಸತ್ತು ದೂರದ ಊರಿಗೆ ವರ್ಗ ಮಾಡಿಸಿಕೊಂಡ. “ನೋಡಿದ್ರಾ, ನಾನು ಮೊದಲೇ ಹೇಳಿರ್ಲಿಲ್ವಾ?” ಎಂದು ಅವಳು ಹೊಲಿಗೆ ಮಷಿನ್ನು ಹೊರಿಸಿಕೊಂಡು ಅಮ್ಮನ ಮನೆಗೆ ವಾಪಸು ಬಂದಳು.

ನಗುವವರು ನಗಲಿ. ಹುಬ್ಬು ಗಂಟಿಕ್ಕಿಕೊಂಡೇ ಯಾರೂ ಹುಟ್ಟುವುದಿಲ್ಲ. ಇವಳಿಗೆ ಈ ರೋಗ ಅಂಟಿದ ಜಾಗ ಒಂದಿದೆ, ಅದು ಊರಾಚೆ ಗುಡ್ಡದ ಮೇಲಿನ ಹಳೆಯ ಕ್ಷಯದ ಆಸ್ಪತ್ರೆ.

ಅಮ್ಮನನ್ನು ಅಲ್ಲಿಗೆ ಸೇರಿಸಿದಾಗ ಇವಳಿಗೆ ಏಳು ವರ್ಷ. ಗಾಳಿಯೂ ಬಿಸಿಲೂ ಬಿಟ್ಟರೆ ಕ್ಷಯಕ್ಕೆ ಬೇರೆ ಔಷಧವಿಲ್ಲ ಎಂದು ನಂಬಿದವರು ಕಟ್ಟಿದ ಕಟ್ಟಡ ಅದು. ಉದ್ದಕ್ಕೆ ಚಾಚಿಕೊಂಡ ಎರಡು ಅಂತಸ್ತು, ಬಿಸಿಲಿಗೆ ಮುಖ ಮಾಡಿದ ಅಗಲವಾದ ವರಾಂಡಗಳು, ವರಾಂಡಕ್ಕೆ ಸೊಂಟದೆತ್ತರದ ಕಂಬಿ ಬಿಟ್ಟರೆ ಬೇರೇನೂ ಇಲ್ಲ. ಗಂಡಸರು ಕೆಳಗೆ, ಹೆಂಗಸರು ಮೇಲೆ, ಹಗಲಿಡೀ ಮಂಚಗಳೆಲ್ಲ ಹೊರಗೇ. ಭೇಟಿಯ ದಿನ ದೊಡ್ಡವರು ಮಹಡಿ ಹತ್ತಬಹುದಿತ್ತು, ಮಕ್ಕಳನ್ನು ಮಾತ್ರ ಒಳಗೆ ಬಿಡುತ್ತಿರಲಿಲ್ಲ. ಅವರಿಗೆಂದೇ ತೋಟದ ನಡುವೆ, ವರಾಂಡದ ಎದುರಿಗೆ, ಮೆಟ್ಟಿಲಿದ್ದ ಒಂದು ಕಲ್ಲಿನ ಕಟ್ಟೆ ಕಟ್ಟಿದ್ದರು. ಮಕ್ಕಳು ಕಟ್ಟೆ ಹತ್ತಬೇಕು, ರೋಗಿಗಳು ಕಂಬಿಯ ಹತ್ತಿರ ಬರಬೇಕು, ಇಬ್ಬರೂ ಕೈ ಬೀಸಬೇಕು. ಕೂಗುವ ಹಾಗಿಲ್ಲ, ಉತ್ತರ ಕೂಗಲು ಹೋಗಿ ಮೇಲಿನವರಿಗೆ ಕೆಮ್ಮು ಹತ್ತುತ್ತದೆಂದು ನರ್ಸಮ್ಮ ಗದರುತ್ತಿದ್ದಳು. ಅಮ್ಮ ತನ್ನ ಕೆಂಪು ಶಾಲು ಬೀಸುತ್ತಿದ್ದಳು. ಆ ಶಾಲು ಕಂಡರೆ ಸಾಕು, ಹುಡುಗಿಗೆ ಆ ವಾರವೆಲ್ಲ ಹೊಟ್ಟೆ ತುಂಬಿದ ಹಾಗೆ.

ಒಂದು ಮಳೆಗಾಲ ಭೇಟಿ ನಿಂತುಹೋಗಿತ್ತು. ಮಳೆ ಬಿಟ್ಟ ಮೇಲೆ ಅಪ್ಪನ ಅಕ್ಕ, ಅಂದರೆ ಅತ್ತೆ, ಅವಳನ್ನು ಕರೆದುಕೊಂಡು ಗುಡ್ಡ ಹತ್ತಿದಾಗ ವರಾಂಡದ ಉದ್ದಕ್ಕೂ ಗಾಜು ಬಂದಿತ್ತು. ಹೊಸ ಇಂಜೆಕ್ಷನ್ನು ಬಂದಿದೆ, ಇನ್ನು ರೋಗಿಗಳು ಗಾಳಿಗೆ ಮೈಯೊಡ್ಡಿ ನಡುಗುವುದು ಬೇಡ ಎಂದು ಯಾರೋ ಒಳ್ಳೆಯ ಮನಸ್ಸಿನ ಅಧಿಕಾರಿ ಹಾಕಿಸಿದ್ದರಂತೆ. ಅತ್ತೆ ಮಹಡಿ ಹತ್ತಿದಳು. ಹುಡುಗಿ ಕಟ್ಟೆಯ ಮೇಲೆ ನಿಂತು ತಲೆಯೆತ್ತಿದಳು. ಗಾಜಿನಲ್ಲಿ ಮೋಡ ಇತ್ತು, ಮರದ ತುದಿಗಳಿದ್ದವು, ಒಂದು ಕಾಗೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಅಮ್ಮ ಇರಲಿಲ್ಲ. ಪಕ್ಕದಲ್ಲಿದ್ದ ಇಬ್ಬರು ಮಕ್ಕಳು ದೊಡ್ಡವರು ಹೇಳಿಕೊಟ್ಟಂತೆ ಮೇಲಕ್ಕೆ ಕೈ ಬೀಸುತ್ತಲೇ ಇದ್ದರು. ಅವರವರ ಅಮ್ಮಂದಿರು ಅವರಿಗೆ ಕಾಣುತ್ತಿದ್ದಾರೆ, ನನಗೆ ಮಾತ್ರ ಇಲ್ಲ ಎಂದುಕೊಂಡಳು ಇವಳು.

ಅತ್ತೆ ಕೆಳಗೆ ಬಂದವಳೇ ಕೇಳಿದಳು. “ನೋಡಿದ್ಯೇನೇ ಅಮ್ಮನ್ನ?”

“ಇಲ್ಲ. ಅಮ್ಮ ಬರ್ಲೇ ಇಲ್ಲ.”

“ಸುಳ್ಳು ಬುರುಕಿ! ಅಷ್ಟು ಹೊತ್ತು ಅಲ್ಲೇ ನಿಂತು ಶಾಲು ಬೀಸಿದ್ಲು. ನಾನು ಪಕ್ಕದಲ್ಲೇ ಇದ್ದೆ. ನಿನ್ನ ಕಣ್ಣು ಎಲ್ಲಿಟ್ಟಿದ್ದೆ?”

ಮನೆಗೆ ಬಂದ ಮೇಲೆ ಅಪ್ಪನೂ ಅದನ್ನೇ ಹೇಳಿದ. ಏಳು ವರ್ಷದ ಹುಡುಗಿ ಕೂತು ಲೆಕ್ಕ ಹಾಕಿದಳು. ತನ್ನ ಕಣ್ಣು ಸರಿಯಾಗಿದೆ, ಕಾಗೆ ಕಂಡಿದೆ, ಮೋಡ ಕಂಡಿದೆ. ಹಾಗಾದರೆ ಇವರೆಲ್ಲ ಸೇರಿಕೊಂಡು ಸುಳ್ಳು ಹೇಳುತ್ತಿದ್ದಾರೆ. ಅಮ್ಮನಿಗೆ ನನ್ನನ್ನು ನೋಡುವುದು ಬೇಡವಾಗಿದೆ, ಅದನ್ನು ಮುಚ್ಚಿಡುತ್ತಿದ್ದಾರೆ. ಅಂದು ಶುರುವಾದ ಲೆಕ್ಕ ಅದು, ಆಮೇಲೆ ಅವಳು ಕಂಡ ಪ್ರತಿಯೊಬ್ಬರಿಗೂ ಅದನ್ನೇ ಹಾಕುತ್ತಾ ಬಂದಳು.

ಮುಂದಿನ ಭೇಟಿಗಳಲ್ಲಿ ಅತ್ತೆ ಕಟ್ಟೆಯ ಮೇಲೆ ನಿಲ್ಲಿಸಿ ಹೋದ ಕೂಡಲೇ ಅವಳು ಕಟ್ಟಡಕ್ಕೆ ಬೆನ್ನು ಹಾಕಿ ನಿಂತುಬಿಡುತ್ತಿದ್ದಳು. ಬರದಿರುವ ಅಮ್ಮನನ್ನು ಕಾಯುವುದಕ್ಕಿಂತ ಗೇಟಿನ ಕಡೆ ನೋಡುವುದೇ ವಾಸಿ. ಆಗ ಅವಳಿಗಿದ್ದದ್ದು ಅತ್ತೆ ಹೊಲಿದ ಒಂದು ಹಳದಿ ಫ್ರಾಕು. ಅದು ಆ ವರ್ಷವೇ ಗಿಡ್ಡವಾಗಿ ಒರೆಸುವ ಬಟ್ಟೆಯಾಯಿತು. ಅದಾದ ಮೇಲೆ ಅಮ್ಮ ವಾಸಿಯಾಗಿ ಮನೆಗೆ ಬಂದಳು. ಮಗಳು ಅತ್ತೆಯ ಹಿಂದೆ ನಿಂತು ನೋಡಿದಳು. ಅಮ್ಮನೂ ಕೈ ಚಾಚಲಿಲ್ಲ. ಎಲ್ಲಿ ಮಗುವಿಗೆ ತಗಲುತ್ತದೋ ಎಂದು ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡಿಕೊಂಡಳು. ಮಗಳ ಲೆಕ್ಕಕ್ಕೆ ಅದೂ ಒಂದು ಸಾಕ್ಷಿ.

ಅಲ್ಲಿಂದ ಇಲ್ಲಿಯವರೆಗೆ ಹೀಗೇ ನಡೆದಿದೆ. ಈಗ ಮಗಳಿಗೇ ತಲೆ ನರೆತಿದೆ, ಅಮ್ಮನಿಗಂತೂ ಎಂಬತ್ತು ದಾಟಿದೆ. ಮಗಳು ಮಾತ್ರೆ ಕೊಡುತ್ತಾಳೆ, ಬಿಸಿನೀರು ಕಾಯಿಸುತ್ತಾಳೆ, ಬೆನ್ನು ಉಜ್ಜುತ್ತಾಳೆ. ಅಮ್ಮ ಕಿಟಕಿಯ ಹತ್ತಿರ ಕೂತು ಅಂಗಿಗಳ ಗುಂಡಿಗೆ ಕಾಜಾ ಹಾಕಿಕೊಡುತ್ತಾಳೆ. ಯಾವುದಕ್ಕೂ ಕೊರತೆಯಿಲ್ಲ, ಆದರೆ ಒಂದೇ ಮನೆಯಲ್ಲಿ ಎರಡು ಅಂಗಡಿ ಇಟ್ಟವರ ಹಾಗೆ ಇಬ್ಬರೂ ಓರೆಗಣ್ಣಿನಲ್ಲೇ ಬದುಕಿದರು. ನೀನು ನನಗೆ ಯಾಕೆ ಮುಖ ತೋರಿಸಲಿಲ್ಲ ಎಂದು ಮಗಳು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಸಿಗುತ್ತದೆ, ಅಷ್ಟೇ ತಾನೆ?

ಅಮ್ಮನದೊಂದು ಮಾತು ಮಾತ್ರ ಅವಳಿಗೆ ಚುಚ್ಚುತ್ತಿತ್ತು. ಗುಂಡಿ ಹೊಲಿಯುವಾಗ ಕೆಲವೊಮ್ಮೆ ಅಮ್ಮ ತನ್ನಷ್ಟಕ್ಕೆ ಹೇಳಿಕೊಳ್ಳುವಳು: “ನಿನ್ನ ಹಳದಿ ಫ್ರಾಕಿನ ಬೆನ್ನಿನ ಗುಂಡಿ ಕಿತ್ತೋಗಿತ್ತು. ಪಿನ್ನು ಸಿಕ್ಕಿಸಿದ್ರು.” ಆ ಫ್ರಾಕು ಹುಟ್ಟಿದ್ದೂ ಸತ್ತದ್ದೂ ಅಮ್ಮ ಗುಡ್ಡದ ಮೇಲಿದ್ದಾಗ. ಅತ್ತೆಯೇ ಬಾಯಿ ಬಿಟ್ಟಿರಬೇಕು ಎಂದು ಮಗಳು ಹಲ್ಲು ಕಡಿಯುವಳು. ತಾನು ಹೊಲಿದ ಬಟ್ಟೆಯ ಹುಳುಕನ್ನು ಯಾವ ಅತ್ತೆ ಹೇಳಿಕೊಂಡು ತಿರುಗುತ್ತಾಳೆ ಎಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಎಲ್ಲರನ್ನೂ ಅನುಮಾನಿಸುವವರು ತಮ್ಮ ಅನುಮಾನವನ್ನು ಒಂದು ಸಲವೂ ಅನುಮಾನಿಸುವುದಿಲ್ಲ, ಇದು ನಾವೆಲ್ಲ ಕಂಡದ್ದೇ.

ಹೀಗಿರುವಾಗ ಒಂದು ಮಧ್ಯಾಹ್ನ ಮನೆಯ ಜಗಲಿಯ ಅಂಗಡಿಗೆ ಒಬ್ಬಳು ಹುಡುಗಿ ಬಂದಳು. ಬೂಟಿನ ತುಂಬ ಸುಣ್ಣದ ಧೂಳು, ಕಂಕುಳಲ್ಲಿ ನಕ್ಷೆಗಳ ಸುರುಳಿ. ಗುಡ್ಡದ ಆಸ್ಪತ್ರೆಯ ಕಟ್ಟಡವನ್ನು ಊರಿನ ಲೈಬ್ರರಿ ಮಾಡುತ್ತಿದ್ದಾರೆ, ಅದರ ಉಸ್ತುವಾರಿ ತನ್ನದು, ಮೇಲಿನ ವರಾಂಡಕ್ಕೆ ಪರದೆ ಬೇಕು, ಬಿಸಿಲಿಗೆ ಪುಸ್ತಕ ಹಾಳಾಗುತ್ತದೆ ಎಂದಳು.

“ನನ್ನನ್ನೇ ಯಾಕೆ ಹುಡುಕ್ಕೊಂಡು ಬಂದ್ರಿ?” ಎಂದಳು ಟೈಲರಮ್ಮ.

“ನಿಮ್ಮ ಅಳತೆ ತಪ್ಪಲ್ಲ ಅಂತ ಊರಲ್ಲೆಲ್ಲ ಹೇಳಿದ್ರು.”

“ಯಾರು ಹೇಳಿದ್ರು?”

ಹುಡುಗಿ ನಕ್ಷೆಯ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಟೈಲರಮ್ಮನಿಗೆ ಹೋಗುವ ಮನಸ್ಸೇ ಇರಲಿಲ್ಲ. ಹತ್ತಿರ ಹತ್ತಿರ ಅರವತ್ತು ವರ್ಷದಿಂದ ಆ ಗುಡ್ಡಕ್ಕೆ ಕಾಲಿಟ್ಟವಳಲ್ಲ. ಆದರೆ ಬಿಟ್ಟುಕೊಟ್ಟರೆ ಬಸ್ ಸ್ಟ್ಯಾಂಡಿನ ಟೈಲರಿಗೆ ಹೋಗುತ್ತದೆ. ಅವನು ಮಡಿಕೆಗೆ ಬಟ್ಟೆ ಬಿಡದೆ ಪರದೆ ಹೊಲಿಯುವ ಕಳ್ಳ. ಅವಳು ಟೇಪು ಕುತ್ತಿಗೆಗೆ ಹಾಕಿಕೊಂಡು ಹೊರಟಳು. ಎಲ್ಲಿಗೆ ಎಂದು ಅಮ್ಮ ಕೇಳಿದ್ದಕ್ಕೆ “ಕೆಲಸಕ್ಕೆ” ಎಂದಷ್ಟೇ ಹೇಳಿದಳು.

ನಕ್ಷೆಯ ಹುಡುಗಿ ದಾರಿಯುದ್ದಕ್ಕೂ ಆ ಕಟ್ಟಡದ ಜಾತಕವನ್ನೇ ಒಪ್ಪಿಸಿದಳು. ಗೋಡೆ ನೆಲಕ್ಕೆ ಸೇರುವಲ್ಲಿ ಮೂಲೆಯೇ ಇಲ್ಲ, ಧೂಳು ಕೂರಬಾರದೆಂದು ದುಂಡಗೆ ತಿರುಗಿಸಿದ್ದಾರೆ. ಬಾಗಿಲು ಅಗಲವಾಗಿರುವುದು ಮಂಚ ಸಮೇತ ರೋಗಿಯನ್ನು ಬಿಸಿಲಿಗೆ ತಳ್ಳಿಕೊಂಡು ಹೋಗುವುದಕ್ಕೆ. ರೋಗಿಗಳು ಕಡಿಮೆಯಾದ ಮೇಲೆ ಅದು ಗೋದಾಮಾಯಿತು, ಆಮೇಲೆ ಯಾವುದೋ ಕಚೇರಿ. ಕಚೇರಿಯವರು ಗಾಜಿಗೆಲ್ಲ ಬಿಳಿ ಬಣ್ಣ ಬಳಿದು, ಹಲಗೆ ಹೊಡೆದು ಕೋಣೆ ಮಾಡಿಕೊಂಡಿದ್ದರು. ಈಗ ಹಲಗೆ ಕಿತ್ತು, ಬಣ್ಣ ಕೆರೆದು, ಮೊದಲಿನ ಹಾಗೆ ಮಾಡಿದ್ದೇವೆ ಎಂದಳು. ಇಷ್ಟೆಲ್ಲ ಪುಕ್ಕಟೆ ಯಾಕೆ ಹೇಳುತ್ತಿದ್ದಾಳೆ, ಕೂಲಿ ಕಡಿಮೆ ಮಾಡಿಸುವ ಉಪಾಯವೇನೋ ಎಂದು ಟೈಲರಮ್ಮ ಕಿವಿ ನಿಮಿರಿಸಿಕೊಂಡೇ ನಡೆದಳು.

ತೋಟದಲ್ಲಿ ಹುಡುಗಿ ನಿಂತಳು. “ಇದೊಂದು ಕಟ್ಟೆ ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ. ಯಾಕೆ ಕಟ್ಟಿದ್ರೋ ತಿಳೀತಿಲ್ಲ. ನಿಮಗೇನಾದ್ರೂ ಗೊತ್ತಾ?”

ಪಾಚಿ ಹಿಡಿದಿತ್ತು, ಮೆಟ್ಟಿಲ ಅಂಚು ಸವೆದಿತ್ತು, ಆದರೂ ಅದೇ ಕಟ್ಟೆ. ಟೈಲರಮ್ಮ ಅದರ ಕಡೆ ಎರಡನೆಯ ಸಲ ನೋಡಲಿಲ್ಲ. “ನಂಗೇನು ಗೊತ್ತು? ಬಾವುಟ ಹಾರಿಸೋಕೆ ಇರ್ಬೇಕು” ಎಂದು ಮುಖ ತಿರುಗಿಸಿ ಬಿರಬಿರನೆ ಮಹಡಿ ಹತ್ತಿದಳು.

ವರಾಂಡದಲ್ಲಿ ಹೊಸ ಪುಸ್ತಕದ ಕಪಾಟುಗಳನ್ನು ಆಗಲೇ ಸಾಲಾಗಿ ನಿಲ್ಲಿಸಿದ್ದರು. ಗಾಜಿನ ಬುಡದ ಅಂಚು ಕೂಡ ಇಳಿಜಾರು. ಅವಳು ಇಟ್ಟ ಸೀಮೆಸುಣ್ಣ ಉರುಳಿ ಬಿತ್ತು. ಯಾರೂ ಸಾಮಾನು ಇಡಬಾರದೆಂದು ಹಾಗೆ ಮಾಡಿದ್ದಂತೆ. ಕೆಳಗಿನ ದೊಡ್ಡ ಗಾಜುಗಳನ್ನು ತೆರೆಯಲು ಬರುವುದಿಲ್ಲ, ಮೇಲೆ ಒಂದು ಸಣ್ಣ ಪಟ್ಟಿ ಮಾತ್ರ ಗಾಳಿಗೆ ಓರೆಯಾಗುತ್ತದೆ. ಟೈಲರಮ್ಮ ಸ್ಟೂಲು ಎಳೆದುಕೊಂಡು ಅಳತೆ ತೆಗೆದಳು, ತನ್ನ ಪದ್ಧತಿಯಂತೆ ಮರಳಿ ತೆಗೆಯಲು ಸ್ಟೂಲಿನಿಂದ ಇಳಿದಳು, ಆಗ ಹೊರಗೆ ಕಣ್ಣು ಹೋಯಿತು.

ಕೆಳಗೆ ಕಟ್ಟೆ ಕಾಣುತ್ತಿತ್ತು. ಕಾಣುತ್ತಿತ್ತು ಎಂದರೆ, ಕೈಗೆ ಸಿಗುವಷ್ಟು ಸ್ಪಷ್ಟ, ಪಾಚಿಯ ಹಸಿರು ಸಮೇತ. ಅದರ ಮೇಲೆ ಕಟ್ಟಡದ ಕಾವಲುಗಾರ ಈ ಕಡೆಗೇ ಮುಖ ಮಾಡಿ ಕೂತಿದ್ದ. ನೇರವಾಗಿ ಇವಳನ್ನೇ ನೋಡುತ್ತಾ ಮೂಗಿನೊಳಗೆ ಬೆರಳು ಹಾಕಿ, ಬಹಳ ಶ್ರದ್ಧೆಯಿಂದ ಕೆದಕುತ್ತಿದ್ದ.

ಥೂ, ಹೆಂಗಸೊಬ್ಬಳು ನಿಂತು ನೋಡುತ್ತಿದ್ದರೂ ನಾಚಿಕೆಯಿಲ್ಲವಲ್ಲ! ಅವಳು ಗಾಜಿನ ಹತ್ತಿರ ಹೋಗಿ ಕಣ್ಣು ಕೆಕ್ಕರಿಸಿದಳು. ಅವನು ಬೆರಳು ಬದಲಾಯಿಸಿದ. ಟೇಪು ಬಿಚ್ಚಿ ತಲೆಯ ಮೇಲೆ ಬೀಸಿದಳು. ಅವನು ಅವಳ ಮುಖಕ್ಕೇ ಬಾಯ್ತುಂಬ ಆಕಳಿಸಿದ. ಬೇಕೆಂದೇ ಮಾಡುತ್ತಿದ್ದಾನೆ, ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಂಡಳು. ಅಷ್ಟು ಅಂದುಕೊಂಡ ಮೇಲೆ ಅವಳ ಕೈ ಎತ್ತಿದಲ್ಲೇ ನಿಂತಿತು.

“ತಾಯಿ, ನೀನು ಬಾ ಇಲ್ಲಿ” ಎಂದಳು ನಕ್ಷೆಯ ಹುಡುಗಿಗೆ. ಬಹುವಚನವೆಲ್ಲ ಎಲ್ಲಿಗೋ ಹಾರಿಹೋಗಿತ್ತು. “ಈ ಗಾಜಿನ ಹತ್ರ ನಿಂತ್ಕೋ. ಕೈ ಬೀಸ್ತಾ ಇರು. ನಾನು ಹೇಳೋವರೆಗೂ ನಿಲ್ಲಿಸ್ಬೇಡ.”

ಮೊಣಕಾಲು ನೋವನ್ನೂ ಲೆಕ್ಕಿಸದೆ ಮೆಟ್ಟಿಲಿಳಿದು, ಕಾವಲುಗಾರನನ್ನು ಎಬ್ಬಿಸಿ, ಕಟ್ಟೆ ಹತ್ತಿ ತಲೆಯೆತ್ತಿದಳು. ಮೋಡ ಇತ್ತು. ಮರದ ತುದಿಗಳು ಈಗ ಇನ್ನಷ್ಟು ಎತ್ತರವಾಗಿದ್ದವು. ಹುಡುಗಿ ಇರಲಿಲ್ಲ. ನಿಲ್ಲಿಸಿಬಿಟ್ಟಳೇನೋ ಎಂಬ ಅನುಮಾನಕ್ಕೆ ಮತ್ತೆ ಮಹಡಿ ಹತ್ತಿ ನೋಡಿದರೆ, ಪಾಪ, ಅದು ಕೈ ಸೋತರೂ ಬೀಸುತ್ತಲೇ ಇತ್ತು.

“ಮಧ್ಯಾಹ್ನದ ಬೆಳಕಿಗೆ ಹಾಗೇ ಆಗುತ್ತೆ” ಎಂದಳು ಹುಡುಗಿ. “ಹೊರಗಿನಿಂದ ಬರೀ ಆಕಾಶ ಕಾಣುತ್ತೆ, ಒಳಗಿನಿಂದ ಎಲ್ಲಾ ಕಾಣುತ್ತೆ. ಒಳಗಿರೋರಿಗೆ ಅದು ಗೊತ್ತೇ ಆಗಲ್ಲ. ಯಾಕಮ್ಮಾ, ಏನಾಯ್ತು?”

ಟೈಲರಮ್ಮ ಸ್ಟೂಲಿನ ಮೇಲೆ ಕುಸಿದಳು. ಎಲ್ಲ ಕಾಣುತ್ತದೆ. ಹಾಗಾದರೆ ಫ್ರಾಕಿನ ಬೆನ್ನು ಕಾಣುತ್ತದೆ. ಬೆನ್ನಿಗೆ ಸಿಕ್ಕಿಸಿದ ಪಿನ್ನು ಬಿಸಿಲಿಗೆ ಮಿನುಗಿದ್ದೂ ಕಾಣುತ್ತದೆ. ಅತ್ತೆ ಯಾರಿಗೂ ಏನೂ ಹೇಳಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಅಮ್ಮ ಇಲ್ಲೇ ನಿಂತು, ಭೇಟಿಯ ಹೊತ್ತು ಮುಗಿಯುವವರೆಗೆ ಶಾಲು ಬೀಸುತ್ತಾ, ತನ್ನತ್ತ ತಿರುಗದ ಮಗಳ ಬೆನ್ನನ್ನು ನೋಡಿದ್ದಳು. ಒಂದು ಸಲವಲ್ಲ, ಬಂದಾಗಲೆಲ್ಲ. ಟೈಲರಮ್ಮ ಯಾರ ಮುಂದೆಯೂ ಅತ್ತವಳಲ್ಲ. ಆ ದಿನ ಗುರುತಿಲ್ಲದ ಹುಡುಗಿಯ ಮುಂದೆ ಮೂಗು ಸೋರಿಸಿಕೊಂಡು ಅತ್ತಳು. “ಅದು ಬಾವುಟದ ಕಟ್ಟೆ ಅಲ್ಲಮ್ಮಾ” ಎಂದು ಬಿಕ್ಕುತ್ತಾ ಹೇಳಿದಳು. “ಮಕ್ಕಳ ಕಟ್ಟೆ.”

ಮನೆಗೆ ಬಂದಾಗ ಅಮ್ಮ ಕಾಜಾ ಹಾಕುತ್ತಿದ್ದಳು. ಮಗಳು ಚಪ್ಪಲಿ ಕೂಡ ಬಿಡದೆ ಎದುರಿಗೆ ಕೂತಳು.

“ಅಮ್ಮಾ, ಗುಡ್ಡದ ಮೇಲೆ ನಾನು ಬೆನ್ನು ಹಾಕಿ ನಿಲ್ತಿದ್ದೆನಲ್ಲ, ಆಗ ನಿಂಗೆ ಏನನ್ನಿಸ್ತಿತ್ತು?”

ಅಮ್ಮನ ಸೂಜಿ ನಿಂತಿತು.

“ಆ ಪಿನ್ನು ಬಿಚ್ಕೊಂಡು ನಿಂಗೆಲ್ಲಿ ಚುಚ್ಚುತ್ತೋ ಅಂತ ಅನ್ನಿಸ್ತಿತ್ತು” ಎಂದಳು. “ನಿಮ್ಮತ್ತೆಗೆ ಗುಂಡಿ ಹಾಕು ಅಂತ ಹೇಳ್ತಾನೇ ಇದ್ದೆ. ಹಾಕ್ಲಿಲ್ಲ.”

“ನನ್ನ ಮೇಲೆ ಸಿಟ್ಟು ಬರ್ಲಿಲ್ವಾ?”

“ಬೆನ್ನಾದ್ರೂ ತೋರಿಸೋಕೆ ಬರ್ತಿದ್ಯಲ್ಲ” ಎಂದಳು ಅಮ್ಮ. ಆಮೇಲೆ ಸಣ್ಣ ದನಿಯಲ್ಲಿ, “ರೋಗಿಷ್ಟೆ ಅಂತ ಅಸಹ್ಯ ಪಟ್ಕೊಂಡಿದೆ ಮಗು ಅಂದ್ಕೊಂಡೆ. ಮನೆಗೆ ಬಂದ್ಮೇಲೂ ಹತ್ರ ಬರ್ಲಿಲ್ಲ ನೀನು. ನಾನೂ ಬಲವಂತ ಮಾಡ್ಲಿಲ್ಲ.”

“ನೀನು ನಂಗೆ ಕಾಣ್ತಿರ್ಲಿಲ್ಲಮ್ಮ! ಗಾಜಲ್ಲಿ ಬರೀ ಆಕಾಶ ಕಾಣ್ತಿತ್ತು. ನೀನೇ ಬರ್ತಿಲ್ಲ ಅಂದ್ಕೊಂಡೆ.”

ಅಮ್ಮ ಕನ್ನಡಕ ಏರಿಸಿಕೊಂಡು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇದೇನೇ ಇದು, ಇಷ್ಟು ವರ್ಷ ಆದ್ಮೇಲೆ ಹೊಸ ಕತೆ? ನಂಗೆ ನೀನು ಕಾಣ್ತಿದ್ದೆ, ನಿಂಗೆ ನಾನು ಕಾಣ್ತಿರ್ಲಿಲ್ವಂತೆ. ಮುದುಕಿಗೆ ಸಮಾಧಾನ ಮಾಡೋಕೆ ಯಾರು ಹೇಳ್ಕೊಟ್ರು?”

ಅನುಮಾನದ ರೋಗ ಅಂಟಿದ್ದು ಗುಡ್ಡದ ಮೇಲೆ ಎಂದು ಆಗ ಹೇಳಿದ್ದಾಯಿತು. ಸ್ವಲ್ಪ ಮನೆಯಲ್ಲೂ ಇತ್ತು ಅಂತ ಕಾಣುತ್ತದೆ. ಮಗಳು ಎಷ್ಟು ಹೇಳಿದರೂ ಅಮ್ಮ ನಂಬಲಿಲ್ಲ. ಕೊನೆಗೆ ಮಾರನೆಯ ಮಧ್ಯಾಹ್ನ ಬಾಡಿಗೆ ಕಾರು ತರಿಸಿ ಅವಳನ್ನು ಗುಡ್ಡಕ್ಕೆ ಕರೆದೊಯ್ಯಬೇಕಾಯಿತು.

“ಮಹಡಿಗೆ ಬರಲ್ಲ ನಾನು, ಅದನ್ನ ಬೇಕಾದಷ್ಟು ನೋಡಿದ್ದೀನಿ” ಎಂದಳು ಅಮ್ಮ. “ನೀನು ಹೋಗಿ ಅಲ್ಲಿ ನಿಂತ್ಕೋ. ಕಾಣುತ್ತೋ ಇಲ್ವೋ ನಾನೇ ನೋಡ್ತೀನಿ.”

ಕಾವಲುಗಾರ ತೋಳು ಹಿಡಿದು ಮುದುಕಿಯನ್ನು ಕಟ್ಟೆ ಹತ್ತಿಸಿದ. ಟೈಲರಮ್ಮ ಮಹಡಿಗೆ ಓಡಿ, ಮೆಟ್ಟಿಲ ಪಕ್ಕದ ಮೊದಲ ಗಾಜಿಗೆ ಅಂಟಿಕೊಂಡು ನಿಂತು ಎರಡೂ ಕೈ ಬೀಸತೊಡಗಿದಳು. ಕೆಳಗೆ ಅಮ್ಮ ಹಣೆಗೆ ಕೈ ಅಡ್ಡ ಹಿಡಿದು ಗಾಜಿನ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಹುಬ್ಬು ಗಂಟಿಕ್ಕಿಕೊಂಡು ಜಾಲಾಡಿದಳು. ಅವಳ ಕಣ್ಣು ಮಗಳ ಮುಖದ ಮೇಲೆ ಬಂದು, ನಿಲ್ಲದೆ ಮುಂದಕ್ಕೆ ಹೋಯಿತು. ಅಮ್ಮ ಈಗ ಬೆನ್ನು ತಿರುಗಿಸುತ್ತಾಳೆ ಎಂದು ಟೈಲರಮ್ಮನಿಗೆ ಖಾತ್ರಿಯಾಗಿತ್ತು.

ಅಮ್ಮ ತಿರುಗಲಿಲ್ಲ. ಕಾವಲುಗಾರನ ಕೈ ಬಿಡಿಸಿಕೊಂಡು ನೆಟ್ಟಗೆ ನಿಂತಳು. ಆಮೇಲೆ ಹೆಗಲ ಮೇಲಿನ ಶಾಲು ತೆಗೆದು, ಏನೂ ಕಾಣದ ಗಾಜಿನ ಕಡೆಗೆ ಮೆಲ್ಲಗೆ ಬೀಸತೊಡಗಿದಳು. ಆದರೆ ಅವಳು ಬೀಸುತ್ತಿದ್ದದ್ದು ವರಾಂಡದ ಆ ಕೊನೆಯ ಗಾಜಿಗೆ, ಬಹುಶಃ ಹಿಂದೆ ತನ್ನ ಮಂಚವಿದ್ದ ಜಾಗಕ್ಕೆ. ಟೈಲರಮ್ಮ ಕಪಾಟುಗಳಿಗೆ ಡಿಕ್ಕಿ ಹೊಡೆಯುತ್ತಾ, ಟೇಪು ಕುತ್ತಿಗೆಯಿಂದ ಜಾರಿ ಬಿದ್ದದ್ದನ್ನೂ ನೋಡದೆ, ವರಾಂಡದ ಉದ್ದಕ್ಕೂ ಓಡಿ ಆ ಗಾಜಿನ ಹಿಂದೆ ಹೋಗಿ ನಿಂತಳು. ಅಮ್ಮ ಇನ್ನೂ ಬೀಸುತ್ತಲೇ ಇದ್ದಳು.